ಮೊಬೈಲ್ ದೂರವಾಣಿಯ ಕರಾರು ಮತ್ತು ದರದ ನ್ಯಾಯ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ವ್ಯವಸಾಯವು ಬಹುಮಟ್ಟಿಗೆ ಮಳೆಯನ್ನೂ ಕೊಳವೆಬಾವಿಗಳನ್ನೂ ನಂಬಿ ನಡೆಯುವಂಥಾದ್ದು. ವಾಣಿವಿಲಾಸ ಸಾಗರದ ನಾಲೆಗಳ ಕೆಳಗಿನ ಭೂಮಿಯನ್ನೂ, ಅಡಿಕೆ ಮತ್ತು ತೆಂಗಿನ ತೋಟಗಳನ್ನೂ ಬಿಟ್ಟರೆ ಉಳಿದುದರಲ್ಲಿ ಹೆಚ್ಚಿನ ಭಾಗವು ಬೆದ್ದಲು. ಇಂಥ ಸೀಮೆಯಲ್ಲಿ ರೈತನು ಮಳೆಯ ಮುನ್ಸೂಚನೆಯನ್ನೂ, ಬಿತ್ತನೆ ಬೀಜದ ದಾಸ್ತಾನನ್ನೂ, ಈರುಳ್ಳಿ ಮತ್ತು ಮೆಕ್ಕೆಜೋಳದ ಧಾರಣೆಯನ್ನೂ, ಭೀಮಸಮುದ್ರದ ಅಡಿಕೆ ಪೇಟೆಯ ವರ್ತಮಾನವನ್ನೂ ಈಗ ಮೊಬೈಲ್ ದೂರವಾಣಿಯ ಮೂಲಕವೇ ತಿಳಿದುಕೊಳ್ಳುತ್ತಿರುವನು. ೨೦೦೪ನೆಯ ಇಸವಿ ಜನವರಿಯಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿನ ೧೮೦೦-೧೮೦-೧೫೫೧ ಎಂಬ ಸಂಖ್ಯೆಗೆ ಕರೆಮಾಡಿ, ಬೆಳೆಗೆ ತಗುಲಿದ ರೋಗಕ್ಕೆ ಕನ್ನಡದಲ್ಲಿಯೇ ಸಲಹೆ ಪಡೆಯಬಹುದಾಗಿದೆ.

ಇದಕ್ಕಿಂತಲೂ ಮುಖ್ಯವಾದುದು ಇನ್ನೊಂದಿದೆ. ಬ್ಯಾಂಕಿನ ಖಾತೆ, ಆಧಾರ್ ದಾಖಲೆ, ೨೦೧೯ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯ ನೋಂದಣಿ, ಇವುಗಳಲ್ಲಿ ರೈತನ ದೂರವಾಣಿ ಸಂಖ್ಯೆಯು ಬರೆದಿರುತ್ತದೆ. ಗುರುತಿನ ಪರೀಕ್ಷೆಗಾಗಿ ಬರುವ ಗುಪ್ತ ಅಂಕಿಗಳು ಆ ಸಂಖ್ಯೆಗೇ ಬರುತ್ತವೆ. ಆದಕಾರಣ ದೂರವಾಣಿಯ ಸಂಖ್ಯೆಯು ಇಂದು ಕೇವಲ ಮಾತನಾಡುವ ಸಾಧನವಲ್ಲ. ಅದು ಮನೆಯ ಕಾಗದಪತ್ರಗಳ ಪೆಟ್ಟಿಗೆಯ ಬೀಗದ ಕೈಯಂತಾಗಿದೆ. ಹಣ ಕಟ್ಟಲಾರದೆ ಸಂಖ್ಯೆಯು ನಿಂತುಹೋದರೆ ಆ ಬೀಗದ ಕೈಯು ಕಳೆದುಹೋದಂತೆ. ರದ್ದಾದ ಸಂಖ್ಯೆಯನ್ನು ೯೦ ದಿನಗಳು ಕಳೆದ ಮೇಲೆ ಬೇರೊಬ್ಬ ಗಿರಾಕಿಗೆ ಕೊಡಬಹುದೆಂಬ ಸಂಗತಿಯು ೨೦೨೩ನೆಯ ಇಸವಿ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ವಿಚಾರಣೆಗೆ ಬಂದಿತ್ತು. ಹೀಗಿರುವಾಗ ಈ ಸೇವೆಗೆ ತೆರಬೇಕಾದ ದರವು ನ್ಯಾಯವಾದುದೋ ಅಲ್ಲವೋ ಎಂಬುದನ್ನು ಗ್ರಾಮದ ಮುಖಂಡರೂ ಜಮೀನಿನ ಯಜಮಾನರೂ ತಾವೇ ಲೆಕ್ಕಹಾಕಿ ತಿಳಿದು, ತಿಳಿಯದವರಿಗೆ ತಿಳಿಸುವುದು ಅವಶ್ಯವಾಗಿದೆ.

ಅಳತೆ ಒಂದಾಗಬೇಕು

ಯಾವುದೇ ಸರಕಿನ ಬೆಲೆಯು ನ್ಯಾಯವೆನ್ನಿಸಿಕೊಳ್ಳಬೇಕಾದರೆ ಮೂರು ಸಂಗತಿಗಳಿರಬೇಕು. ಮೊದಲನೆಯದಾಗಿ, ಅಳತೆಯು ಎಲ್ಲರಿಗೂ ತಿಳಿದಿರಬೇಕು ಮತ್ತು ಎಲ್ಲ ಅಂಗಡಿಗಳಲ್ಲಿಯೂ ಒಂದೇ ಆಗಿರಬೇಕು. ಎರಡನೆಯದಾಗಿ, ಕೊಳ್ಳುವವನು ತನಗೆ ಬೇಕಾದ ಸರಕಿಗೆ ಮಾತ್ರ ಹಣ ಕೊಡುವಂತಿರಬೇಕು. ಮೂರನೆಯದಾಗಿ, ಬೆಲೆಯು ಸರಿಬೀಳದಿದ್ದಲ್ಲಿ ಬೇರೆ ಅಂಗಡಿಗೆ ಹೋಗಲು ಅವನಿಗೆ ದಾರಿಯಿರಬೇಕು.

ಹಿಂದೆ ಸಂತೆಗಳಲ್ಲಿ ಸೇರು, ಬಳ್ಳ, ಕೊಳಗಗಳು ಊರಿಂದೂರಿಗೆ ಬೇರೆಬೇರೆಯಾಗಿದ್ದ ಕಾಲದಲ್ಲಿ, ಧಾರಣೆಯು ಅಗ್ಗವೆಂದು ಕೇಳಿ ಹೋದವನು ಕೊಳಗವು ಚಿಕ್ಕದೆಂದು ಮನೆಗೆ ಬಂದ ಮೇಲೆ ತಿಳಿಯುತ್ತಿದ್ದನು. ೧೯೫೬ನೆಯ ಇಸವಿಯಲ್ಲಿ ತೂಕ ಮತ್ತು ಅಳತೆಗಳ ಕಾನೂನು ಬಂದು, ಮುಂದಿನ ಕೆಲವು ವರ್ಷಗಳಲ್ಲಿ ಕಿಲೋಗ್ರಾಮೂ ಲೀಟರೂ ದೇಶದಲ್ಲೆಲ್ಲಾ ಬಳಕೆಗೆ ಬಂದುವು. ಇಂದು ಕಿಲೋ ಎಂದರೆ ಹೊಳಲ್ಕೆರೆಯಲ್ಲಿಯೂ ಹಿರಿಯೂರಿನಲ್ಲಿಯೂ ಒಂದೇ.

ದೂರವಾಣಿಯ ವ್ಯಾಪಾರದಲ್ಲಾದರೋ ಕಾಲವೇ ಸರಕು. ವಾಯಿದೆಯ ದಿನಗಳೇ ಅಳತೆ. ಈ ಅಳತೆಯು ಮಾತ್ರ ಇನ್ನೂ ಒಂದಾಗಿಲ್ಲ. ಜನರು ‘ತಿಂಗಳ ರೀಚಾರ್ಜ್’ ಎಂದು ಕರೆಯುವುದು ಸಾಮಾನ್ಯವಾಗಿ ೨೮ ದಿನಗಳದು. ತಿಂಗಳಿಗೊಂದು ಕಂತೆಂದು ಭಾವಿಸಿದವನು ವರ್ಷಕ್ಕೆ ೧೨ ಕಂತುಗಳಾದುವೆಂದು ತಿಳಿದಿರುವನು. ಆದರೆ ೩೬೫ ದಿನಗಳನ್ನು ೨೮ರಿಂದ ಭಾಗಿಸಿದರೆ ೧೩ ಕಂತುಗಳಾಗಿ ಒಂದು ದಿನ ಉಳಿಯುತ್ತದೆ. ಕಾಣದ ಆ ಹದಿಮೂರನೆಯ ಕಂತೇ ಚಿಕ್ಕ ಕೊಳಗದ ಕೊರತೆ. ಇದೇ ರೀತಿ ‘ಮೂರು ತಿಂಗಳು’ ಎಂಬುದು ಅನೇಕ ವೇಳೆ ೮೪ ದಿನಗಳದಾಗಿಯೂ, ‘ವರ್ಷ’ ಎಂಬುದು ಕೆಲವು ಯೋಜನೆಗಳಲ್ಲಿ ೩೩೬ ದಿನಗಳದಾಗಿಯೂ ಇರುತ್ತದೆ.

ಈ ವಿಷಯದಲ್ಲಿ ಬಂದ ದೂರುಗಳನ್ನು ಪರಿಶೀಲಿಸಿ, ೧೯೯೭ರಲ್ಲಿ ಸ್ಥಾಪಿತವಾದ ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಸಾಮಾನ್ಯವಾಗಿ ಟ್ರಾಯ್ ಎಂದು ಕರೆಯಲ್ಪಡುವುದು) ೨೦೨೨ನೆಯ ಇಸವಿ ಜನವರಿ ೨೭ರಂದು ಒಂದು ಆಜ್ಞೆಯನ್ನು ಹೊರಡಿಸಿತು. ಅದರ ಪ್ರಕಾರ ಪ್ರತಿಯೊಂದು ಕಂಪನಿಯೂ ೩೦ ದಿನಗಳ ವಾಯಿದೆಯ ಯೋಜನೆಗಳನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಯೋಜನೆಗಳನ್ನೂ, ಒಂದೊಂದು ಬಗೆಯಲ್ಲಿ ಕನಿಷ್ಠ ಒಂದರಂತೆ ಇಡತಕ್ಕದ್ದು. ಆದರೆ ೨೮ ದಿನಗಳ ಯೋಜನೆಗಳು ನಿಷೇಧವಾಗಲಿಲ್ಲ. ಆದುದರಿಂದ ಕೇಳಿದವನಿಗೆ ತಿಂಗಳ ಅಳತೆ ದೊರೆಯುತ್ತದೆ. ಕೇಳದವನಿಗೆ ೨೮ ದಿನಗಳದೇ ಬೀಳುತ್ತದೆ.

ದರಗಳ ಪೂರ್ವಚರಿತ್ರೆ

ಭಾರತದಲ್ಲಿ ಮೊದಲನೆಯ ಮೊಬೈಲ್ ಕರೆಯು ೧೯೯೫ನೆಯ ಇಸವಿ ಜುಲೈ ೩೧ರಂದು ಕಲ್ಕತ್ತೆಯಿಂದ ದೆಹಲಿಗೆ ಹೋಯಿತು. ಆ ಕಾಲದಲ್ಲಿ ಕರೆಮಾಡುವವನು ನಿಮಿಷಕ್ಕೆ ಸುಮಾರು ೧೬ ರೂಪಾಯಿಗಳವರೆಗೂ ತೆರಬೇಕಾಗಿತ್ತು. ಕರೆ ಸ್ವೀಕರಿಸಿದವನೂ ಹಣ ಕೊಡಬೇಕಾಗಿತ್ತು. ೨೦೦೩ನೆಯ ಇಸವಿ ಮೇ ತಿಂಗಳಿಂದ ಒಳಬರುವ ಕರೆಗಳು ಉಚಿತವಾದುವು. ೨೦೦೯ರಲ್ಲಿ ಸೆಕೆಂಡಿನ ಲೆಕ್ಕದಲ್ಲಿ ದರ ವಿಧಿಸುವ ಪದ್ಧತಿಯು ಹರಡಿತು. ೨೦೧೬ನೆಯ ಇಸವಿ ಸೆಪ್ಟೆಂಬರಿನಲ್ಲಿ ರಿಲಯನ್ಸ್ ಜಿಯೋ ಕಂಪನಿಯು ಪೇಟೆಗೆ ಬಂದ ಮೇಲೆ ಕರೆಗಳೂ ಅಂತರ್ಜಾಲವೂ ಒಂದೇ ಗಂಟಾಗಿ ಮಾರಾಟವಾಗತೊಡಗಿದುವು. ಪೈಪೋಟಿಯಿಂದ ದರಗಳು ಬಹಳವಾಗಿ ಇಳಿದುವು. ಅದೇ ಪೈಪೋಟಿಯಲ್ಲಿ ಅನೇಕ ಕಂಪನಿಗಳು ಮುಚ್ಚಿಹೋದುವು ಅಥವಾ ಬೇರೆ ಕಂಪನಿಗಳಲ್ಲಿ ಲೀನವಾದುವು.

ಬಳಿಕ ಗಾಳಿಯು ತಿರುಗಿತು. ೨೦೧೮ರ ಕೊನೆಯಲ್ಲಿ, ಒಳಬರುವ ಕರೆಗಳನ್ನಷ್ಟೇ ಸ್ವೀಕರಿಸುತ್ತಿದ್ದ ಗಿರಾಕಿಯೂ ೨೮ ದಿನಗಳಿಗೊಮ್ಮೆ ಕನಿಷ್ಠ ೩೫ ರೂಪಾಯಿ ಕಟ್ಟಬೇಕೆಂಬ ಪದ್ಧತಿಯನ್ನು ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಕಂಪನಿಗಳು ತಂದುವು. ೨೦೨೧ನೆಯ ಇಸವಿ ನವೆಂಬರಿನಲ್ಲಿ ಏರ್‌ಟೆಲಿನ ಆರಂಭದ ಯೋಜನೆಯು ೯೯ ರೂಪಾಯಿಗೆ ಏರಿತು. ೨೦೨೪ನೆಯ ಇಸವಿ ಜುಲೈ ಮೊದಲ ವಾರದಲ್ಲಿ ಮೂರು ಖಾಸಗಿ ಕಂಪನಿಗಳೂ ಒಂದರ ಹಿಂದೊಂದರಂತೆ ದರ ಏರಿಸಿದುವು. ಆಗ ಏರ್‌ಟೆಲಿನ ೨೮ ದಿನಗಳ ಅಮಿತ ಕರೆಯ ಯೋಜನೆಯು ೧೭೯ರಿಂದ ೧೯೯ ರೂಪಾಯಿಗೂ, ಜಿಯೋದ ಅಂಥದೇ ಯೋಜನೆಯು ೧೫೫ರಿಂದ ೧೮೯ ರೂಪಾಯಿಗೂ ಏರಿದುವು. ಸರ್ಕಾರದ ಬಿಎಸ್‌ಎನ್‌ಎಲ್ ಸಂಸ್ಥೆಯು ಆ ಸಮಯದಲ್ಲಿ ದರ ಏರಿಸಲಿಲ್ಲ. ೩೫ ರೂಪಾಯಿಯ ಯೋಜನೆಯಲ್ಲಿ ಸ್ವಲ್ಪವೇ ಮಾತಿನ ಹಣವಿತ್ತು, ೧೯೯ರ ಯೋಜನೆಯಲ್ಲಿ ಕರೆಗಳಿಗೆ ಮಿತಿಯಿಲ್ಲ ಎಂಬುದು ನಿಜ. ಆದರೆ ಮಗನ ಕರೆಗಾಗಿ ಕಾಯುವ ವೃದ್ಧರಿಗೆ ಮಿತಿಯಿಲ್ಲದ ಕರೆಗಳಿಂದ ಪ್ರಯೋಜನವೇನೂ ಇಲ್ಲ. ಬೇಡದ ಸರಕು ಹೆಚ್ಚಾಗಿ ಸಿಕ್ಕಿದರೂ ಅದು ಲಾಭವಲ್ಲ.

ದಿನದ ಲೆಕ್ಕ

ಬೇರೆಬೇರೆ ಅಳತೆಯ ಯೋಜನೆಗಳನ್ನು ಹೋಲಿಸಲು ಸುಲಭವಾದ ಉಪಾಯವೊಂದೇ. ಬೆಲೆಯನ್ನು ವಾಯಿದೆಯ ದಿನಗಳಿಂದ ಭಾಗಿಸಿ ದಿನವೊಂದಕ್ಕೆ ಎಷ್ಟಾಯಿತೆಂದು ನೋಡುವುದು. ಉದಾಹರಣೆಗಾಗಿ, ೨೦೨೪ರ ಜುಲೈ ಮತ್ತು ೨೦೨೫ರ ಜನವರಿಯಲ್ಲಿ ಪ್ರಕಟವಾದ ಕೆಲವು ದರಗಳನ್ನು ಇಲ್ಲಿ ಕೊಟ್ಟಿದೆ. ದರಗಳು ಆಗಾಗ್ಗೆ ಬದಲಾಗುತ್ತವೆ. ಲೆಕ್ಕದ ಕ್ರಮವು ಬದಲಾಗುವುದಿಲ್ಲ.

ಏರ್‌ಟೆಲ್, ೨೮ ದಿನ, ಕರೆಗಳು ಮತ್ತು ೨ ಜಿಬಿ ಅಂತರ್ಜಾಲ, ೧೯೯ ರೂ.: ದಿನಕ್ಕೆ ೭ ರೂ. ೧೧ ಪೈಸೆ.
ಏರ್‌ಟೆಲ್, ೮೪ ದಿನ, ಕರೆ ಮತ್ತು ಸಂದೇಶ ಮಾತ್ರ, ೪೬೯ ರೂ.: ದಿನಕ್ಕೆ ೫ ರೂ. ೫೮ ಪೈಸೆ.
ಏರ್‌ಟೆಲ್, ೩೬೫ ದಿನ, ಕರೆಗಳು ಮತ್ತು ೨೪ ಜಿಬಿ ಅಂತರ್ಜಾಲ, ೧,೯೯೯ ರೂ.: ದಿನಕ್ಕೆ ೫ ರೂ. ೪೮ ಪೈಸೆ.
ಏರ್‌ಟೆಲ್, ೩೬೫ ದಿನ, ಕರೆ ಮತ್ತು ಸಂದೇಶ ಮಾತ್ರ, ೧,೮೪೯ ರೂ.: ದಿನಕ್ಕೆ ೫ ರೂ. ೭ ಪೈಸೆ.
ಜಿಯೋ, ೨೮ ದಿನ, ಕರೆಗಳು ಮತ್ತು ೨ ಜಿಬಿ ಅಂತರ್ಜಾಲ, ೧೮೯ ರೂ.: ದಿನಕ್ಕೆ ೬ ರೂ. ೭೫ ಪೈಸೆ.
ಜಿಯೋ, ೮೪ ದಿನ, ಕರೆ ಮತ್ತು ಸಂದೇಶ ಮಾತ್ರ, ೪೪೮ ರೂ.: ದಿನಕ್ಕೆ ೫ ರೂ. ೩೩ ಪೈಸೆ.
ಜಿಯೋ, ೩೩೬ ದಿನ, ಕರೆ ಮತ್ತು ಸಂದೇಶ ಮಾತ್ರ, ೧,೭೪೮ ರೂ.: ದಿನಕ್ಕೆ ೫ ರೂ. ೨೦ ಪೈಸೆ.

ಇದರಿಂದ ಎರಡು ಅಂಶಗಳು ಹೊರಪಡುತ್ತವೆ. ೧,೭೪೮ ರೂಪಾಯಿಯ ಯೋಜನೆಯನ್ನೂ ೧,೮೪೯ ರೂಪಾಯಿಯ ಯೋಜನೆಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಮೊದಲನೆಯದು ೧೦೧ ರೂಪಾಯಿ ಅಗ್ಗವಾಗಿ ಕಾಣುವುದು. ಆದರೆ ಮೊದಲನೆಯದರಲ್ಲಿ ವರ್ಷಕ್ಕೆ ೨೯ ದಿನಗಳು ಕಡಿಮೆ. ದಿನದ ಲೆಕ್ಕದಲ್ಲಿ ಅಗ್ಗವಾಗಿ ಕಂಡದ್ದೇ ತುಟ್ಟಿಯಾಯಿತು. ಈರುಳ್ಳಿಯ ಚೀಲದ ಬೆಲೆ ಕೇಳುವಾಗ ಚೀಲದಲ್ಲಿ ಎಷ್ಟು ಕಿಲೋ ಇದೆಯೆಂದು ಕೇಳದೆ ಬಿಡುವ ರೈತನಿಲ್ಲ. ಅದೇ ಎಚ್ಚರವು ಇಲ್ಲಿಯೂ ಬೇಕು.

ಎರಡನೆಯ ಅಂಶವು ಇದಕ್ಕಿಂತಲೂ ಗಂಭೀರವಾದುದು. ೧೯೯ ರೂಪಾಯಿಯನ್ನು ೧೩ ಸಲ ಕಟ್ಟಿದವನು ೩೬೪ ದಿನಗಳಿಗೆ ೨,೫೮೭ ರೂಪಾಯಿ ತೆತ್ತಂತಾಯಿತು. ೧,೯೯೯ ರೂಪಾಯಿಯನ್ನು ಒಟ್ಟಿಗೆ ಕಟ್ಟಿದವನಿಗೆ ೫೮೮ ರೂಪಾಯಿ ಉಳಿಯಿತು. ಅಂತರ್ಜಾಲ ಬೇಡವೆಂದು ೧,೮೪೯ ರೂಪಾಯಿ ಕಟ್ಟಿದವನಿಗೆ ೭೩೮ ರೂಪಾಯಿ ಉಳಿಯಿತು. ಕೈಯಲ್ಲಿ ಹಣವಿರುವ ಯಜಮಾನನಿಗೆ ದಿನಕ್ಕೆ ಐದು ರೂಪಾಯಿ. ವಾರದ ಕೂಲಿಯಲ್ಲಿ ಜೀವಿಸುವವನಿಗೆ ಏಳು ರೂಪಾಯಿ. ಸುಗ್ಗಿಯಲ್ಲಿ ಚೀಲಗಟ್ಟಲೆ ರಾಗಿ ಕೊಂಡವನಿಗೂ, ಮಳೆಗಾಲದಲ್ಲಿ ಸೇರುಗಟ್ಟಲೆ ಕೊಳ್ಳುವವನಿಗೂ ಇದ್ದ ಹಳೆಯ ವ್ಯತ್ಯಾಸವೇ ಇದು.

ಚಿಕ್ಕ ಮೊತ್ತದ ಟಾಪ್‌ಅಪ್ ವಿಷಯದಲ್ಲಿಯೂ ಹೀಗೆಯೇ. ಶೇಕಡಾ ೧೮ರ ಸರಕು ಮತ್ತು ಸೇವಾ ತೆರಿಗೆಯನ್ನು ಕಳೆದ ಮೇಲೆ, ಕಂಪನಿಯು ಬೆಲೆಯ ಹತ್ತನೆಯ ಒಂದು ಪಾಲು ಅಥವಾ ೩ ರೂಪಾಯಿ, ಇವೆರಡರಲ್ಲಿ ಕಡಿಮೆಯಾದುದನ್ನು ನಿರ್ವಹಣಾ ಶುಲ್ಕವಾಗಿ ಹಿಡಿಯಬಹುದು. ಆದುದರಿಂದ ೧೦ ರೂಪಾಯಿ ಹಾಕಿದವನಿಗೆ ೭ ರೂ. ೪೭ ಪೈಸೆಯ ಮಾತಿನ ಹಣ ಸಿಕ್ಕುತ್ತದೆ. ೧೦೦ ರೂಪಾಯಿ ಹಾಕಿದವನಿಗೆ ೮೧ ರೂ. ೭೫ ಪೈಸೆ ಸಿಕ್ಕುತ್ತದೆ. ಹತ್ತು ಸಲ ಹತ್ತು ರೂಪಾಯಿ ಹಾಕಿದವನಿಗೆ ಒಟ್ಟು ೭೪ ರೂ. ೭೦ ಪೈಸೆ ಮಾತ್ರ.

ಬೇಡದ ಸರಕಿನ ಗಂಟು

ಹಳ್ಳಿಗಳಲ್ಲಿ ಕೀಲಿಗುಂಡಿಗಳ ಸಾದಾ ದೂರವಾಣಿಯನ್ನೇ ಇಟ್ಟುಕೊಂಡಿರುವ ಹಿರಿಯರೂ, ಹೆಂಗಸರೂ, ತೋಟದ ಕಾವಲುಗಾರರೂ ಅನೇಕರಿರುವರು. ಇವರಿಗೆ ಅಂತರ್ಜಾಲದ ಬಳಕೆಯಿಲ್ಲ. ಆದರೂ ೨೦೧೬ರ ನಂತರದ ಗಂಟುಯೋಜನೆಗಳಲ್ಲಿ ಅಂತರ್ಜಾಲದ ಬೆಲೆಯನ್ನೂ ಇವರು ತೆರುತ್ತ ಬಂದರು. ದಿನಕ್ಕೆ ಇಷ್ಟೆಂದು ಗೊತ್ತುಮಾಡಿದ ಅಂತರ್ಜಾಲವು ಆ ದಿನ ಬಳಸದೆ ಉಳಿದರೆ ಸಾಮಾನ್ಯವಾಗಿ ಮಧ್ಯರಾತ್ರಿಗೆ ಮುಗಿದುಹೋಗುವುದು. ನಾಲೆಯ ನೀರಿನ ಸರದಿಯಲ್ಲಿ ತನ್ನ ಪಾಳಿಯನ್ನು ತಪ್ಪಿಸಿಕೊಂಡವನಿಗೆ ಆ ನೀರು ಮತ್ತೆ ಬಾರದಂತೆ, ಇದೂ ಮತ್ತೆ ಬಾರದು.

ದೇಶದಲ್ಲಿ ಸುಮಾರು ೧೫ ಕೋಟಿ ಗಿರಾಕಿಗಳು ಇನ್ನೂ ಸಾದಾ ದೂರವಾಣಿಗಳನ್ನೇ ಬಳಸುತ್ತಿರುವರೆಂಬುದನ್ನು ಗಮನಿಸಿ, ಟ್ರಾಯ್ ೨೦೨೪ನೆಯ ಇಸವಿ ಡಿಸೆಂಬರ್ ೨೩ರಂದು ಗ್ರಾಹಕ ಸಂರಕ್ಷಣಾ ನಿಯಮಗಳಿಗೆ ಹನ್ನೆರಡನೆಯ ತಿದ್ದುಪಡಿಯನ್ನು ಪ್ರಕಟಿಸಿತು. ಪ್ರತಿಯೊಂದು ಕಂಪನಿಯೂ ಕರೆ ಮತ್ತು ಸಂದೇಶಗಳಿಗೆ ಮಾತ್ರ ಸೀಮಿತವಾದ ಯೋಜನೆಯೊಂದನ್ನಾದರೂ ಇಡತಕ್ಕದ್ದೆಂದೂ, ವಿಶೇಷ ಯೋಜನೆಗಳ ವಾಯಿದೆಯನ್ನು ೯೦ ದಿನಗಳಿಗೆ ಬದಲಾಗಿ ೩೬೫ ದಿನಗಳವರೆಗೆ ವಿಸ್ತರಿಸಬಹುದೆಂದೂ ಅದರಲ್ಲಿ ವಿಧಿಸಿದೆ. ಮೇಲಿನ ಪಟ್ಟಿಯಲ್ಲಿ ‘ಕರೆ ಮತ್ತು ಸಂದೇಶ ಮಾತ್ರ’ ಎಂದು ಕಾಣಿಸಿದ ಯೋಜನೆಗಳು ಈ ನಿಯಮದಿಂದಲೇ ಹುಟ್ಟಿದುವು. ಆದರೆ ಏರ್‌ಟೆಲಿನ ವರ್ಷದ ಎರಡು ಯೋಜನೆಗಳನ್ನು ಹೋಲಿಸಿದರೆ, ಅಂತರ್ಜಾಲವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟವನಿಗೆ ಕಡಿಮೆಯಾದುದು ೧೫೦ ರೂಪಾಯಿ ಮಾತ್ರವೆಂಬುದನ್ನು ಕಾಣಬಹುದು. ನಿಯಮವು ಸರಕನ್ನು ಬೇರ್ಪಡಿಸಿತು, ಬೆಲೆಯನ್ನು ಗೊತ್ತುಮಾಡಲಿಲ್ಲ. ಮೊಬೈಲ್ ದರಗಳ ನಿರ್ಧಾರವು ಕಂಪನಿಗಳ ಕೈಯಲ್ಲಿಯೇ ಇದೆ. ಹೊಸ ದರವನ್ನು ಜಾರಿಗೆ ತಂದ ಏಳು ಕೆಲಸದ ದಿನಗಳೊಳಗಾಗಿ ಟ್ರಾಯ್‌ಗೆ ವರದಿಮಾಡಿದರೆ ಸಾಕು.

ಇಷ್ಟಾದರೂ ಮನೆಯ ಒಟ್ಟು ಲೆಕ್ಕದಲ್ಲಿ ಉಳಿತಾಯವು ಅಲ್ಪವಲ್ಲ. ನಾಲ್ಕು ದೂರವಾಣಿಗಳಿರುವ ಒಂದು ಮನೆಯನ್ನು ತೆಗೆದುಕೊಳ್ಳೋಣ. ನಾಲ್ಕಕ್ಕೂ ದಿನಕ್ಕೆ ೧.೫ ಜಿಬಿ ಅಂತರ್ಜಾಲವಿರುವ ೩೪೯ ರೂಪಾಯಿಯ ೨೮ ದಿನಗಳ ಯೋಜನೆಯನ್ನು ಹಾಕಿದರೆ ವರ್ಷಕ್ಕೆ ೧೩ ಕಂತುಗಳಂತೆ ೧೮,೧೪೮ ರೂಪಾಯಿ ಆಗುವುದು. ಓದುವ ಮಕ್ಕಳೂ ಯಜಮಾನನೂ ಬಳಸುವ ಒಂದಕ್ಕೆ ಮಾತ್ರ ಅದನ್ನಿಟ್ಟು, ಉಳಿದ ಮೂರಕ್ಕೆ ೧,೮೪೯ ರೂಪಾಯಿಯ ಕರೆಯೋಜನೆಯನ್ನು ಹಾಕಿದರೆ ೧೦,೦೮೪ ರೂಪಾಯಿ ಆಗುವುದು. ಉಳಿಯುವ ೮,೦೬೪ ರೂಪಾಯಿಯು ಬೀಜಕ್ಕೋ ಗೊಬ್ಬರಕ್ಕೋ ಒದಗುವ ಹಣ.

ಕಂಪನಿಗಳ ವಾದ

ನ್ಯಾಯವನ್ನು ವಿಚಾರಿಸುವಾಗ ಎರಡು ಪಕ್ಷಗಳ ಮಾತನ್ನೂ ಕೇಳುವುದು ಧರ್ಮ. ತರಂಗಗಳ ಹರಾಜಿಗೆ ಬಹಳ ಹಣ ತೆತ್ತಿರುವುದಾಗಿಯೂ, ಗೋಪುರಗಳನ್ನು ನಿಲ್ಲಿಸಿ ವಿದ್ಯುಚ್ಛಕ್ತಿಯಿಂದಲೂ ಡೀಸೆಲಿನಿಂದಲೂ ನಡೆಸುವ ವೆಚ್ಚವು ಗಿರಾಕಿಗಳು ಕಡಿಮೆಯಿರುವ ಹಳ್ಳಿಗಳಲ್ಲಿಯೂ ಅಷ್ಟೇ ಬೀಳುವುದಾಗಿಯೂ, ಭಾರತದ ದರಗಳು ಇತರ ದೇಶಗಳಿಗಿಂತ ಕಡಿಮೆಯಾಗಿರುವುದಾಗಿಯೂ ಕಂಪನಿಗಳವರು ಹೇಳುತ್ತಾರೆ. ಈ ಮಾತುಗಳಲ್ಲಿ ಸತ್ಯಾಂಶವಿದೆ. ಒಟ್ಟಿಗೆ ಹಣ ಕಟ್ಟಿದವನಿಗೆ ರಿಯಾಯಿತಿ ಕೊಡುವುದು ಎಲ್ಲ ವ್ಯಾಪಾರಗಳಲ್ಲಿಯೂ ಇರುವ ಪದ್ಧತಿಯೇ.

ಆದರೆ ಮಾರಾಟಗಾರರು ಕೆಲವರೇ ಆದಾಗ ಬೆಲೆಯು ಹೇಗೆ ನಡೆಯುವುದೆಂಬುದನ್ನು ಈ ಸೀಮೆಯ ರೈತರಿಗೆ ವಿವರಿಸಬೇಕಾಗಿಲ್ಲ. ಹರಾಜಿನ ಕಟ್ಟೆಗೆ ಇಬ್ಬರು ಮೂವರೇ ದಲಾಲರು ಬಂದ ದಿನ ಈರುಳ್ಳಿಯ ಧಾರಣೆಯು ಏನಾಗುವುದೆಂಬುದು ಎಲ್ಲರಿಗೂ ಗೊತ್ತಿದೆ. ಇಂದು ದೂರವಾಣಿಯ ಪೇಟೆಯಲ್ಲಿರುವ ದೊಡ್ಡ ಖಾಸಗಿ ಕಂಪನಿಗಳು ಮೂರು; ಸರ್ಕಾರದ್ದು ಒಂದು. ಬೆಟ್ಟದ ಮರೆಯ ಹಳ್ಳಿಗಳಲ್ಲಿ ಇವುಗಳಲ್ಲಿ ಒಂದರ ಅಥವಾ ಎರಡರ ಸಂಕೇತ ಮಾತ್ರ ಸರಿಯಾಗಿ ಸಿಕ್ಕುವುದೂ ಉಂಟು. ಅಂಥಲ್ಲಿ ಗಿರಾಕಿಗೆ ಆಯ್ಕೆಯೆಂಬುದು ಹೆಸರಿಗೆ ಮಾತ್ರ. ಬಿಎಸ್‌ಎನ್‌ಎಲ್ ಸಂಸ್ಥೆಯ ನಾಲ್ಕನೆಯ ಪೀಳಿಗೆಯ ಜಾಲವು ೨೦೨೫ನೆಯ ಇಸವಿ ಸೆಪ್ಟೆಂಬರಿನಲ್ಲಿ ದೇಶಾದ್ಯಂತ ಉದ್ಘಾಟನೆಯಾಗಿರುವುದರಿಂದ, ಅದರ ಸಂಕೇತವು ತಮ್ಮ ಊರಿನಲ್ಲಿ ಹೇಗಿದೆಯೆಂದು ಪರೀಕ್ಷಿಸಿ ನೋಡುವುದು ಒಳ್ಳೆಯದು.

ಗಿರಾಕಿಗೆ ಇರುವ ಹಕ್ಕುಗಳು

೧. ಒಂದು ಯೋಜನೆಗೆ ಸೇರಿದ ದಿನದಿಂದ ಆರು ತಿಂಗಳವರೆಗೆ ಆ ಯೋಜನೆಯ ದರವನ್ನು ಗಿರಾಕಿಗೆ ನಷ್ಟವಾಗುವಂತೆ ಏರಿಸಕೂಡದು. ಅದಕ್ಕಿಂತ ದೀರ್ಘವಾದ ವಾಯಿದೆಗೆ ಮುಂಗಡವಾಗಿ ಹಣ ಪಡೆದಿದ್ದರೆ ಆ ವಾಯಿದೆ ಮುಗಿಯುವವರೆಗೂ ಏರಿಸಕೂಡದು. ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದವನಿಗೆ ನಡುವೆ ಬರುವ ಏರಿಕೆಯು ತಗುಲುವುದಿಲ್ಲ.

೨. ಮುಂಗಡ ಪಾವತಿಯ ಸಂಖ್ಯೆಯನ್ನು ೯೦ ದಿನಗಳಿಗಿಂತ ಕಡಿಮೆ ಅವಧಿ ಬಳಸಲಿಲ್ಲವೆಂಬ ಕಾರಣದಿಂದ ರದ್ದುಮಾಡಕೂಡದು. ಆ ಅವಧಿ ಮುಗಿದಾಗ ಖಾತೆಯಲ್ಲಿ ೨೦ ರೂಪಾಯಿ ಉಳಿದಿದ್ದರೆ, ಅದನ್ನು ಕಳೆದುಕೊಂಡು ಇನ್ನೂ ೩೦ ದಿನ ಸಂಖ್ಯೆಯನ್ನು ಉಳಿಸತಕ್ಕದ್ದೆಂದು ೨೦೧೩ರ ನಿಯಮವು ಹೇಳುತ್ತದೆ. ಪೆಟ್ಟಿಗೆಯಲ್ಲಿ ಇಟ್ಟು ಮರೆತ ಸಂಖ್ಯೆಗಳಲ್ಲಿ ಇಷ್ಟು ಹಣವನ್ನಾದರೂ ಬಿಟ್ಟಿರುವುದು ಕ್ಷೇಮ.

೩. ಹಾಡು, ಜ್ಯೋತಿಷ್ಯ, ಕ್ರಿಕೆಟ್ ವರ್ತಮಾನ ಮುಂತಾದ ಹೆಚ್ಚುವರಿ ಸೇವೆಗಳನ್ನು ಗಿರಾಕಿಯ ಸ್ಪಷ್ಟವಾದ ಒಪ್ಪಿಗೆಯಿಲ್ಲದೆ ಹೂಡಿ ಹಣ ಕಳೆಯಕೂಡದು. ಅಂಥ ಸೇವೆಯು ಇದ್ದಲ್ಲಿ ೧೫೫೨೨೩ ಎಂಬ ಸಂಖ್ಯೆಗೆ ಕರೆಮಾಡಿ ನಿಲ್ಲಿಸಬಹುದು.

೪. ಸಂಖ್ಯೆಯನ್ನು ಬದಲಾಯಿಸದೆಯೇ ಕಂಪನಿಯನ್ನು ಬದಲಾಯಿಸುವ ಹಕ್ಕು ೨೦೧೧ನೆಯ ಇಸವಿ ಜನವರಿ ೨೦ರಿಂದ ದೇಶದಲ್ಲೆಲ್ಲಾ ಇದೆ. ಪೋರ್ಟ್ ಎಂಬ ಇಂಗ್ಲಿಷ್ ಪದವನ್ನು ಬರೆದು, ಸ್ವಲ್ಪ ಎಡೆ ಬಿಟ್ಟು, ತನ್ನ ಹತ್ತು ಅಂಕಿಗಳ ಸಂಖ್ಯೆಯನ್ನು ಸೇರಿಸಿ ೧೯೦೦ಕ್ಕೆ ಸಂದೇಶ ಕಳುಹಿಸಿದರೆ ಒಂದು ಸಂಕೇತಾಕ್ಷರವು ಬರುವುದು. ಅದನ್ನು ನಾಲ್ಕು ದಿನಗಳೊಳಗಾಗಿ ಹೊಸ ಕಂಪನಿಯ ಅಂಗಡಿಯಲ್ಲಿ ಕೊಡಬೇಕು. ಈಗಿನ ಕಂಪನಿಯಲ್ಲಿ ೯೦ ದಿನಗಳಾದರೂ ಕಳೆದಿರಬೇಕು; ಬಿಲ್ಲಿನ ಕರಾರಿನವರಾದರೆ ಹಳೆಯ ಬಾಕಿಯಿರಕೂಡದು. ಬದಲಾಯಿಸುವ ಮುನ್ನ ಹೊಸ ಕಂಪನಿಯ ಸಂಕೇತವು ಮನೆಯಲ್ಲಿಯೂ ಹೊಲದಲ್ಲಿಯೂ ಸಿಕ್ಕುವುದೇ ಎಂದು ನೆರೆಯವರ ದೂರವಾಣಿಯಿಂದ ಪರೀಕ್ಷಿಸತಕ್ಕದ್ದು. ಹಳೆಯ ಯೋಜನೆಯಲ್ಲಿ ಉಳಿದ ದಿನಗಳ ಹಣವು ಹೊಸ ಕಂಪನಿಗೆ ಬರುವುದಿಲ್ಲವಾದ್ದರಿಂದ ವಾಯಿದೆಯ ಕೊನೆಯಲ್ಲಿ ಬದಲಾಯಿಸುವುದು ಲೇಸು.

೫. ದೂರು ಇದ್ದರೆ ಮೊದಲು ಕಂಪನಿಯ ಗ್ರಾಹಕ ಕೇಂದ್ರಕ್ಕೆ ತಿಳಿಸಿ, ಅವರು ಕೊಡುವ ದೂರಿನ ಸಂಖ್ಯೆಯನ್ನು ತಾರೀಖಿನೊಡನೆ ಬರೆದಿಟ್ಟುಕೊಳ್ಳತಕ್ಕದ್ದು. ಅಲ್ಲಿ ಪರಿಹಾರವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ, ಮತ್ತು ೩೯ ದಿನಗಳೊಳಗಾಗಿ ತೀರ್ಮಾನವಾಗಬೇಕೆಂದು ನಿಯಮವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ೧೯೧೫. ಕೊನೆಯದಾಗಿ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬಹುದು. ದೂರಸಂಪರ್ಕದ ದೂರುಗಳನ್ನು ಈ ಆಯೋಗಗಳು ವಿಚಾರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೨ನೆಯ ಇಸವಿ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿದೆ. ಕೊಟ್ಟ ಹಣವು ೫ ಲಕ್ಷ ರೂಪಾಯಿ ಮೀರದ ದೂರುಗಳಿಗೆ ಅಲ್ಲಿ ಶುಲ್ಕವಿಲ್ಲ.

ಗ್ರಾಮದಲ್ಲಿ ಮಾಡಬಹುದಾದ ಕಾರ್ಯ

ನಿಯಮಗಳು ಎಷ್ಟಿದ್ದರೂ ಲೆಕ್ಕ ತಿಳಿಯದವನಿಗೆ ಅವುಗಳಿಂದ ಫಲವಿಲ್ಲ; ಲೆಕ್ಕ ತಿಳಿದರೂ ಒಟ್ಟಿಗೆ ಕಟ್ಟಲು ಹಣವಿಲ್ಲದವನಿಗೆ ಪೂರ್ಣ ಫಲವಿಲ್ಲ. ಈ ಎರಡು ಕೊರತೆಗಳನ್ನೂ ತುಂಬುವುದು ಗ್ರಾಮದ ಮುಖಂಡರಿಂದ ಸಾಧ್ಯ.

ತುರುವನೂರು, ಧರ್ಮಪುರ, ಮತ್ತೋಡು, ರಾಮಗಿರಿ ಮೊದಲಾದ ಹೋಬಳಿಗಳ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಅಥವಾ ಹಾಲು ಉತ್ಪಾದಕರ ಸಂಘದ ಹಲಗೆಯ ಮೇಲೆ, ಆ ಊರಿನಲ್ಲಿ ಸಂಕೇತವಿರುವ ಕಂಪನಿಗಳ ಮುಖ್ಯವಾದ ಯೋಜನೆಗಳನ್ನು ದಿನಕ್ಕೆ ಇಷ್ಟು ಪೈಸೆಯೆಂಬ ಲೆಕ್ಕದಲ್ಲಿ ಬರೆಸಿಡಬಹುದು. ಇದಕ್ಕೆ ಒಂದು ಸೀಮೆಸುಣ್ಣವೂ ಪ್ರೌಢಶಾಲೆಯ ಒಬ್ಬ ವಿದ್ಯಾರ್ಥಿಯೂ ಸಾಕು. ದರ ಬದಲಾದಾಗ ಹಲಗೆಯನ್ನೂ ತಿದ್ದಬೇಕು.

ರೈತನಿಗೆ ಹಣವು ತಿಂಗಳ ಸಂಬಳದಂತೆ ಬರುವುದಿಲ್ಲ; ಈರುಳ್ಳಿ, ಮೆಕ್ಕೆಜೋಳ, ಶೇಂಗಾ ಮಾರಿದಾಗ ಒಮ್ಮೆ, ಅಡಿಕೆ ಕೊಯ್ದಾಗ ಒಮ್ಮೆ ಬರುತ್ತದೆ. ಆ ಸಮಯದಲ್ಲಿ ಬಿತ್ತನೆಯ ಬೀಜವನ್ನು ಎತ್ತಿಡುವಂತೆಯೇ ವರ್ಷದ ದೂರವಾಣಿಯ ಹಣವನ್ನೂ ಕಟ್ಟಿಬಿಡುವುದು ಉತ್ತಮ. ಸಾಕಷ್ಟು ಹಣವಿಲ್ಲದ ಕೂಲಿಗಾರರಿಗೆ ಮಹಿಳಾ ಸ್ವಸಹಾಯ ಸಂಘವೋ ಪ್ರಾಥಮಿಕ ಸಹಕಾರ ಸಂಘವೋ ೧,೮೪೯ ರೂಪಾಯಿಯಂಥ ಮೊತ್ತವನ್ನು ಮುಂಗಡ ಕೊಟ್ಟು, ತಿಂಗಳಿಗೆ ೧೫೫ ರೂಪಾಯಿಯಂತೆ ಹನ್ನೆರಡು ಕಂತುಗಳಲ್ಲಿ ಮರಳಿ ಪಡೆಯಬಹುದು. ಹಾಗೆ ಮಾಡಿದರೆ ೧೯೯ ರೂಪಾಯಿಯನ್ನು ೧೩ ಸಲ ಕಟ್ಟುವುದಕ್ಕಿಂತ ಆ ಕೂಲಿಗಾರನಿಗೆ ೭೨೭ ರೂಪಾಯಿ ಉಳಿಯುವುದು. ಸಂಘಕ್ಕೂ ೧೧ ರೂಪಾಯಿ ಹೆಚ್ಚಾಗಿ ಬರುವುದು. ತೋಟದ ಕಾವಲುಗಾರನಿಗೂ ಪಂಪಿನ ಆಳಿಗೂ ದೂರವಾಣಿಯ ಹಣವನ್ನು ತಾವೇ ಕೊಡುವ ಯಜಮಾನರು ವರ್ಷದ ಯೋಜನೆಯನ್ನೇ ಹಾಕಿಸುವುದು ಇಬ್ಬರಿಗೂ ಲಾಭ.

ಇದರೊಡನೆ ಪ್ರತಿ ಮನೆಯಲ್ಲಿಯೂ ಮೂರು ಕಲಮುಗಳ ಒಂದು ಪಟ್ಟಿಯಿರತಕ್ಕದ್ದು: ಯಾವ ಸಂಖ್ಯೆ, ಯಾರ ಹೆಸರಿನಲ್ಲಿದೆ, ವಾಯಿದೆ ಎಂದು ಮುಗಿಯುತ್ತದೆ. ಬ್ಯಾಂಕಿಗೂ ಜಮೀನಿನ ದಾಖಲೆಗೂ ಕೊಟ್ಟ ಸಂಖ್ಯೆಯ ಪಕ್ಕದಲ್ಲಿ ಗುರುತು ಹಾಕಿ, ಬೇರೆ ಯಾವುದು ನಿಂತರೂ ಅದು ನಿಲ್ಲದಂತೆ ನೋಡಿಕೊಳ್ಳಬೇಕು. ಅನಿವಾರ್ಯವಾಗಿ ಸಂಖ್ಯೆಯನ್ನು ಬಿಡಬೇಕಾದರೆ ಅದಕ್ಕೆ ಮೊದಲೇ ಬ್ಯಾಂಕಿಗೂ ಆಧಾರ್ ಕೇಂದ್ರಕ್ಕೂ ರೈತ ಸಂಪರ್ಕ ಕೇಂದ್ರಕ್ಕೂ ಹೊಸ ಸಂಖ್ಯೆಯನ್ನು ಬರೆಸತಕ್ಕದ್ದು. ರೀಚಾರ್ಜ್ ಮಾಡಿಸುವಾಗ ದೂರವಾಣಿಯನ್ನು ಅಂಗಡಿಯವನ ಕೈಗೆ ಕೊಟ್ಟು ಬರುವುದೂ, ಗುಪ್ತ ಅಂಕಿಗಳನ್ನು ಹೇಳುವುದೂ ಕೂಡದು. ‘ಎಷ್ಟು ದಿನ, ಏನೇನು, ಒಟ್ಟು ಎಷ್ಟು’ ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಬಂದ ಸಂದೇಶವನ್ನು ಓದಿಸಿಯೇ ಹಣ ಕೊಡಬೇಕು.

ದರವನ್ನು ಇಳಿಸುವುದು ಹಳ್ಳಿಯವರ ಕೈಯಲ್ಲಿಲ್ಲ. ಆದರೆ ಚಿಕ್ಕ ಕೊಳಗವನ್ನು ಗುರುತಿಸುವುದೂ, ಬೇಡದ ಸರಕನ್ನು ಬಿಡುವುದೂ, ಬಡವನು ಬಿಡಿಬಿಡಿಯಾಗಿ ಕೊಳ್ಳುವ ನಷ್ಟದಿಂದ ಪಾರಾಗುವಂತೆ ನೆರವಾಗುವುದೂ ಅವರ ಕೈಯಲ್ಲಿಯೇ ಇದೆ. ಮುಂದಿನ ಸುಗ್ಗಿಯ ಹಣವು ಕೈಸೇರುವುದಕ್ಕೆ ಮೊದಲೇ ಈ ಲೆಕ್ಕವನ್ನು ಪಂಚಾಯಿತಿಯ ಸಭೆಯಲ್ಲಿ ಓದಿಸಿ ಚರ್ಚಿಸುವುದು ಉಚಿತವಾದುದು.